ಸುತ್ತುದಾರಿಯ ಸಾರಥಿ

ಆ ಪಟ್ಟಣದಲ್ಲಿ ಸಾಹೇಬರ ಕಾರನ್ನು ಗುರುತು ಹಿಡಿಯಲು ನಂಬರ್ ಪ್ಲೇಟು ಓದಬೇಕಾಗಿರಲಿಲ್ಲ. ಗಡಿಯಾರದ ವೃತ್ತದಲ್ಲಿ ಎಲ್ಲ ಗಾಡಿಗಳೂ ನೇರ ಹೋದರೆ ಆ ಬಿಳಿ ಕಾರೊಂದೇ ಎಡಕ್ಕೆ ಹೊರಳುತ್ತಿತ್ತು. ಮರದ ಡಿಪೋ ಹಿಂದಿನಿಂದ ಹಾದು, ರೈಲ್ವೆ ಗೇಟು ದಾಟಿ, ಮುಚ್ಚಿಹೋದ ಗಿರಣಿಯ ಗೋಡೆ ಸವರಿಕೊಂಡು, ಅರ್ಧ ಊರು ಸುತ್ತಿ ಆಚೆ ತುದಿಗೆ ಬರುತ್ತಿತ್ತು. ನೇರ ಹೋದರೆ ಸಿಗುತ್ತಿದ್ದದ್ದು ಮೀಸೆಯವರ ಬೀದಿ. ಮೀಸೆಯವರು ಚುನಾವಣೆಯಲ್ಲಿ ಸಾಹೇಬರ ಎದುರಾಳಿ. ಆ ಬೀದಿಯ ಧೂಳು ಕೂಡ ಕಾರಿನ ಚಕ್ರಕ್ಕೆ ತಾಗಬಾರದೆಂದು ನಿರ್ಧಾರ ಮಾಡಿದವನು ಕಾರಿನ ಡ್ರೈವರ್. ಊರವರು ಅವನನ್ನು ಸಾರಥಿ ಎಂದು ಕರೆಯುತ್ತಿದ್ದರು. ಅರ್ಧ ತಮಾಷೆಗೆ, ಅರ್ಧ ಹೊಟ್ಟೆಕಿಚ್ಚಿಗೆ. ಸಾಹೇಬರ ಕಿವಿಗೆ ಒಂದು ಮಾತು ಹಾಕಲು ಜನ ವಾರಗಟ್ಟಲೆ ಬಾಗಿಲು ಕಾಯುವಾಗ, ಇವನಿಗೆ ಆ ಕಿವಿ ದಿನವೂ ಒಂದು ಮೊಳ ದೂರದಲ್ಲಿ ಇರುತ್ತಿತ್ತಲ್ಲ!

ಹುಬ್ಬಿನ ಮೇಲೆ ಅವನಿಗೊಂದು ಗಾಯದ ಗುರುತಿತ್ತು. ಬಹಳ ಹಿಂದಿನ ಒಂದು ಚುನಾವಣೆಯಲ್ಲಿ ಆ ಬೀದಿಯಲ್ಲೇ ಯಾರೋ ಎಸೆದ ಕಲ್ಲು ಮುಂದಿನ ಗಾಜು ಒಡೆದು ಬಂದು ಬಡಿದಿತ್ತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವನು ಗೇರು ಬದಲಿಸಿ ಸಾಹೇಬರನ್ನು ಹೊರಗೆ ತಂದಿದ್ದ. ಆವತ್ತು ಸಾಹೇಬರು ತಮ್ಮ ಕರವಸ್ತ್ರವನ್ನು ಅವನ ಹುಬ್ಬಿಗೊತ್ತಿ, "ಸಾಕು ಕಣಯ್ಯಾ, ಈ ಬೀದಿಯ ಸಹವಾಸ ಸಾಕು" ಎಂದಿದ್ದರು. ಸಾಹೇಬರು ಅದನ್ನು ಹೇಳಿ ಮರೆತರು. ಅವನು ಹಾಗೆ ಮರೆಯುವ ಪೈಕಿಯವನಲ್ಲ.

ಆ ಬೀದಿಯಲ್ಲಿ ಅವನ ಅಕ್ಕನ ಮನೆಯಿತ್ತು.

ಅಕ್ಕ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು. ಕಲ್ಲು ಬಿದ್ದ ಮೇಲೆ ಅವನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ. ಮೊದಮೊದಲು ಅಕ್ಕನೇ ಬಂದುಹೋಗುತ್ತಿದ್ದಳು. ಒಮ್ಮೆ ಕೇಳಿದಳು: "ನಿಮ್ಮ ಸಾಹೇಬ್ರಿಗೂ ಆ ಮೀಸೆಗೂ ಜಗಳ. ನನಗೂ ನಿನಗೂ ಏನೋ?" ಅವನು, "ನಿಂಗೆ ಗೊತ್ತಾಗಲ್ಲ ಬಿಡಕ್ಕಾ" ಎಂದ. ಆಮೇಲೆ ಅವಳೂ ಬರಲಿಲ್ಲ. ಭಾವ ತೀರಿಕೊಂಡಾಗ ಆಸ್ಪತ್ರೆಯ ಬಾಗಿಲ ತನಕ ಹೋಗಿ, ಅಲ್ಲಿಂದಲೇ ತಿರುಗಿ ಬಂದ. ಮನೆಗೆ ಹೋಗಲಿಲ್ಲ. ಹೆಂಡತಿ ಮಾತ್ರ ಹೋಗಿಬಂದು, ಚಪ್ಪಲಿ ಬಿಡುತ್ತಾ ಹೇಳಿದಳು: "ಅಲ್ಲಿ ಎಲ್ಲಾ ಓಡಾಡಿ ಮಾಡಿದ್ದು ಮೀಸೆಯವರ ಡ್ರೈವರ್ರು. ಆ ಗಿಡ್ಡ. ಹೆಗಲು ಕೊಟ್ಟಿದ್ದೂ ಅವನೇ."

ಅವನು ಎದ್ದು ಹೋಗಿ, ಆಗಲೇ ಒರೆಸಿದ್ದ ಕಾರನ್ನು ಇನ್ನೊಮ್ಮೆ ಒರೆಸಿದ.

ಕಾರಿನೊಳಗೆ ಅವನ ಸಂಸಾರ ಬೇರೆಯೇ ಇತ್ತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಸಾಹೇಬರ ಗಂಟಲಿಗೆ ಲವಂಗ, ಹಿಂದಿನ ಸೀಟಿನ ಬೆನ್ನಿಗೆ ಮಡಿಸಿದ ಟವೆಲ್, ಭಾಷಣ ಮುಗಿಸಿ ಬಂದ ಮೇಲೆ ಕಿಟಕಿಯನ್ನು ಎಷ್ಟು ಇಳಿಸಬೇಕೆಂಬ ಲೆಕ್ಕ. ಸೋತ ದಿನ ಸಾಹೇಬರು ಕಣ್ಣು ಮುಚ್ಚಿ ಕೂರುತ್ತಾರೆ, ಗೆದ್ದ ದಿನ ಚಪ್ಪಲಿ ಬಿಡುತ್ತಾರೆ. ಇದು ಸಾಹೇಬರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ಊರ ಹೊರಗಿನ ಉದ್ದನೆಯ ರಸ್ತೆಗಳಲ್ಲಿ ಸಾಹೇಬರು ಅವನಿಗೆ ಕಥೆ ಹೇಳುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗಲು ಹೊರಟಾಗ ಅವರಮ್ಮ ಚಪ್ಪಲಿಯನ್ನೆಲ್ಲ ಬಾವಿಗೆಸೆದ ಕಥೆ. ಬರಿಗಾಲಲ್ಲಿ ರೈಲ್ವೆ ನಿಲ್ದಾಣದ ತನಕ ಹೋಗಿ, ಕಾಲು ಸುಟ್ಟು, ಅಳುತ್ತಾ ತಿರುಗಿ ಬಂದ ಕಥೆ. "ಇದನ್ನ ಯಾರಿಗೂ ಹೇಳಿಲ್ಲ ನೋಡು" ಎಂದಿದ್ದರು. ಅವನು ಆ ಕಥೆಯನ್ನು ಹೆಂಡತಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದ.

ಹೀಗಿರುವಾಗ ಒಂದು ದಿನ ಸಾಹೇಬರು, ಕೇಳದೆಯೇ, ಅವನಿಗೆ ರಜೆ ಕೊಟ್ಟರು. "ನಾಳೆ ಎಲ್ಲೂ ಹೋಗೋದಿಲ್ಲ. ಹೆಂಡತಿ ಮಕ್ಕಳ ಜೊತೆ ಇರು ಹೋಗಯ್ಯಾ." ಅವನು ಹಿಗ್ಗಿದ. ರಜೆಯ ದಿನ ಬಚ್ಚಲಿನ ಸೋರುವ ನಲ್ಲಿ ಬಿಗಿ ಮಾಡಿದ, ಹೊಟ್ಟೆ ತುಂಬ ಉಂಡು ಮಲಗಿದ. ಮಾರನೆಯ ಬೆಳಿಗ್ಗೆ ಪಕ್ಷದ ಕಚೇರಿಗೆ ಹೋದರೆ ಅಲ್ಲಿ ಹೆಣ ಬಿದ್ದ ಮನೆಯಂತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಾರ್ಯಕರ್ತರು ಗಲ್ಲಕ್ಕೆ ಕೈಯಿಟ್ಟು ಕೂತಿದ್ದರು. ಗೋಡೆಯ ಮೂಲೆಯಲ್ಲಿ ಬಾವುಟಗಳನ್ನು ಕೋಲಿನ ಸಮೇತ ಒರಗಿಸಿಟ್ಟಿದ್ದರು.

"ಬಂದ ನೋಡ್ರಪ್ಪಾ, ಸಾರಥಿ!" ಎಂದ ಪೋಸ್ಟರ್ ಅಂಟಿಸುವ ಮುದುಕ. "ಇವನಿಗೆ ಗೊತ್ತಿರುತ್ತೆ. ಹೇಳಪ್ಪಾ, ನಿನ್ನೆ ಇಬ್ಬರೂ ಏನೇನು ಮಾತಾಡಿದ್ರು?"

"ಯಾವ ಇಬ್ಬರು?"

ಯಾರೋ ಪಕ್ಕನೆ ನಕ್ಕರು.

"ಅಯ್ಯೋ, ಇವನಿಗೇ ಗೊತ್ತಿಲ್ಲ ಕಣ್ರೋ! ನಿನ್ನೆ ಸಾಹೇಬರು ಮೀಸೆ ಮನೆಗೆ ಹೋಗಿದ್ರು ಮಾರಾಯ. ರಾಜಿ. ಕೈ ಕೈ ಹಿಡ್ಕೊಂಡು ಫೋಟೋ ಬೇರೆ."

"ಯಾವುದರಲ್ಲಿ ಹೋದ್ರು?" ಎಂದು ಕೇಳಿದ ಅವನು.

ಮುದುಕ ಅವನನ್ನು ವಿಚಿತ್ರವಾಗಿ ನೋಡಿದ. "ಊರಿಗೆ ಬೆಂಕಿ ಬಿದ್ದಿದೆ, ಇವನಿಗೆ ಗಾಡಿ ಚಿಂತೆ. ಮೀಸೆಯವರ ಕಾರೇ ಬಂದಿತ್ತು ಕಣೋ ಕರೆದುಕೊಂಡು ಹೋಗೋಕೆ. ಗಿಡ್ಡ ಓಡಿಸಿಕೊಂಡು ಬಂದಿದ್ದ."

ಅಲ್ಲಿದ್ದವರೆಲ್ಲರಿಗೂ ಸಿಟ್ಟಿತ್ತು. ಮುದುಕ ತನ್ನ ಮುರಿದು ಕೂಡಿದ ಮಣಿಕಟ್ಟನ್ನು ಎತ್ತಿ ತೋರಿಸಿ, "ಇದು ಯಾರಿಗೋಸ್ಕರ ಮುರಿದಿದ್ದು? ನಾವು ಒದೆ ತಿನ್ನೋಕೆ, ಅವರು ಊಟ ಮಾಡೋಕೆ" ಎಂದ. ಇನ್ನೊಬ್ಬ, "ದೊಡ್ಡವರ ಜಗಳ ದೊಡ್ಡವರಿಗೆ ಆಟ, ನಮಗೆ ಪ್ರಾಣ" ಎಂದು ಎದ್ದುಹೋದ. ಅವರ ಸಿಟ್ಟಿಗೊಂದು ಅರ್ಥವಿತ್ತು, ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳಬಹುದಾದ ಮಾತು ಅದು. ಅವನಿಗಾದದ್ದು ಗಟ್ಟಿಯಾಗಿ ಹೇಳುವಂಥದ್ದಲ್ಲ. ರಾಜಿಯಾದರೆ ಆಗಲಿ. ಆದರೆ ಗಿಡ್ಡ ಓಡಿಸಿದ ಕಾರಿನಲ್ಲಿ! ಸಾಹೇಬರಿಗೆ ಹಳ್ಳ ದಿಣ್ಣೆಯಲ್ಲಿ ಬೆನ್ನು ಹಿಡಿಯುತ್ತದೆಂದು ಆ ಗಿಡ್ಡನಿಗೇನು ಗೊತ್ತು? ಕಿಟಕಿ ಎಷ್ಟು ಇಳಿಸಿದ್ದನೋ. ಯಾರದೋ ಮನೆಯಲ್ಲಿ ತನ್ನವರು ಉಂಡುಬಂದ ಎಲೆ ನೋಡಿದವನ ಹಾಗೆ ಅವನು ಬಾಗಿಲಲ್ಲೇ ನಿಂತಿದ್ದ.

ಸಾಹೇಬರನ್ನು ಕೇಳಲು ಬಾಯಿ ಬರಲಿಲ್ಲ. ಅವರೇ ಹೇಳಿದರು. "ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಕಣಯ್ಯಾ. ಜಗಳ ಆಡ್ತಾ ಆಡ್ತಾ ನಮ್ಮಿಬ್ಬರಿಗೂ ವಯಸ್ಸಾಯ್ತು, ಊರು ಹಾಗೇ ಉಳೀತು. ಆ ಬದಿಗೆ ನೀರಿನ ಪೈಪು ಹೋಗಬೇಕಾದರೆ ಈ ಬದಿಯವರು ಕೈಯೆತ್ತಲ್ಲ, ಈ ಬದಿಗೆ ದೀಪ ಅಂದರೆ ಅವರು ಕೈಯೆತ್ತಲ್ಲ. ಎಷ್ಟು ದಿನ ಹೀಗೆ?" ಆ ಮಾತಿನಲ್ಲಿ ತಪ್ಪು ಹುಡುಕಲು ಅವನಿಗಾಗಲಿಲ್ಲ. ಹುಡುಕಿದ, ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ವಾರ ಕಳೆಯುವುದರಲ್ಲಿ ಇಬ್ಬರೂ ನಾಯಕರು ಪಕ್ಕದ ಊರಿನ ಸಭೆಯೊಂದಕ್ಕೆ ಜೊತೆಯಾಗಿ ಹೋಗಿಬರುವುದೆಂದಾಯಿತು. ಸಾಹೇಬರ ಕಾರಿನಲ್ಲೇ. ಮೀಸೆಯವರು ಹತ್ತಿ, ಟವೆಲ್ ಹಾಸಿದ್ದ ಬದಿಗೇ ಕೂತರು. ಅದು ಸಾಹೇಬರ ಬದಿ. ಸಾಹೇಬರು ಏನೂ ಅನ್ನದೆ ಆಚೆ ಸರಿದು ಜಾಗ ಮಾಡಿಕೊಟ್ಟರು. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಈಗ ಬರೀ ಮೀಸೆ. ಸಾಹೇಬರ ಮುಖ ಬೇಕೆಂದರೆ ಕನ್ನಡಿಯನ್ನು ತಿರುಗಿಸಬೇಕಿತ್ತು, ತಿರುಗಿಸಿದರೆ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಅವನು ತಿರುಗಿಸಿದ.

ವಾಪಸು ಬರುವಾಗ ಸಾಹೇಬರು ಚಪ್ಪಲಿ ಬಿಟ್ಟರು. ಬಿಟ್ಟು, "ಅಣ್ಣಾ, ಚಪ್ಪಲಿ ಅಂದಾಗ ನೆನಪಾಯ್ತು ನೋಡಿ" ಎಂದು ಬಾವಿಯ ಕಥೆ ಶುರುಮಾಡಿದರು.

ಅಣ್ಣಾ! ಮೊನ್ನೆ ಮೊನ್ನೆಯವರೆಗೆ ಇದೇ ಸೀಟಿನಲ್ಲಿ 'ಆ ಮೀಸೆ' ಎಂದು ಹಲ್ಲು ಕಡಿಯುತ್ತಿದ್ದವರು. ಕಥೆ ನಿಲ್ದಾಣದ ತನಕ ಬಂತು. ಕಾಲು ಸುಟ್ಟ ಜಾಗದಲ್ಲಿ ಮೀಸೆಯವರು ಹೋ ಎಂದು ನಕ್ಕರು. ಅಲ್ಲಿ ನಗಬಾರದು. ಅಲ್ಲಿ ಸುಮ್ಮನಿರಬೇಕು, ಸ್ವಲ್ಪ ಹೊತ್ತು ಬಿಟ್ಟು "ಆಮೇಲೆ?" ಎನ್ನಬೇಕು. ಅವನು ಅಷ್ಟು ವರ್ಷ ಹಾಗೇ ಮಾಡಿದ್ದ. ಆದರೆ ಸಾಹೇಬರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಅವರೂ ನಕ್ಕರು. ಅವನ ಜೊತೆ ಒಮ್ಮೆಯೂ ಆ ಕಥೆಗೆ ಅವರು ನಕ್ಕಿರಲಿಲ್ಲ.

ಈ ಉರಿಯಲ್ಲೇ ಗಡಿಯಾರದ ವೃತ್ತ ಬಂತು. ಮೀಸೆಯವರನ್ನು ಅವರ ಮನೆಗೆ ಬಿಡಬೇಕಿತ್ತು. ನೇರ ಹೋಗಬೇಕಿತ್ತು. ಕೈ ತನ್ನ ಪಾಡಿಗೆ ತಾನು ಇಂಡಿಕೇಟರ್ ಹಾಕಿತು, ಕಾರು ಎಡಕ್ಕೆ ಹೊರಳಿತು, ಮರದ ಡಿಪೋ ಹಿಂದೆ ಬಂತು. ಅವನಿಗೆ ಗೊತ್ತಾಗುವಷ್ಟರಲ್ಲಿ ಎದುರಿಗೆ ರೈಲ್ವೆ ಗೇಟು ಬಿದ್ದಿತ್ತು, ಹಿಂದೆ ಎರಡು ಲಾರಿ ನಿಂತಿದ್ದವು.

"ಇದ್ಯಾವ ದಾರಿ?" ಎಂದು ಮೀಸೆಯವರು ಕಿಟಕಿಯಿಂದ ಇಣುಕಿದರು.

ಸಾಹೇಬರು ನಗು ತಡೆಯಲಾರದೆ, "ಅಣ್ಣಾ, ಇದು ನಿಮ್ಮ ಬೀದಿ ತಪ್ಪಿಸೋ ದಾರಿ" ಎಂದರು.

"ನನ್ನ ಮನೆಗೆ ಹೋಗೋಕೆ ನನ್ನ ಬೀದಿ ತಪ್ಪಿಸಬೇಕಾ?" ಮೀಸೆಯವರು ತೊಡೆ ತಟ್ಟಿದರು. "ಇಷ್ಟು ವರ್ಷ ಇಷ್ಟು ಪೆಟ್ರೋಲು ನನ್ನ ಹೆಸರಲ್ಲಿ ಸುಟ್ಟಿದ್ದೀರಾ? ನಮ್ಮ ಕಡೆಯವರೂ ನನ್ನನ್ನ ಇಷ್ಟು ನೆನೆಸಿಕೊಂಡಿಲ್ಲ ಬಿಡಿ!"

ಗೂಡ್ಸು ಗಾಡಿ ಮುಗಿಯದಂತೆ ಹಾಯುತ್ತಲೇ ಇತ್ತು. ಹಿಂದೆ ಇಬ್ಬರೂ ನಗುತ್ತಲೇ ಇದ್ದರು. ಒಂದೇ ನಗೆ ಹಂಚಿಕೊಂಡ ಗೆಳೆಯರ ಹಾಗೆ. ಆ ನಗೆ ತನ್ನ ತಪ್ಪಿನಿಂದ ಹುಟ್ಟಿದ್ದು ಎಂಬುದೇ ಅವನಿಗೆ ಹೆಚ್ಚು ಚುಚ್ಚಿತು.

ಆ ಬೀದಿಗೆ ಅವನು ಹಿಂಬದಿಯಿಂದ ನುಗ್ಗಿದ. ಅಷ್ಟು ವರ್ಷಗಳಲ್ಲಿ ಅದು ಏಕಮುಖ ಸಂಚಾರದ ಬೀದಿಯಾಗಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಎದುರಿನಿಂದ ಬಂದ ಗಾಡಿಗಳು ಹಾರನ್ ಹೊಡೆಯತೊಡಗಿದವು. ಆಗ ಮೀಸೆಯವರ ಗೇಟಿನಿಂದ ಒಬ್ಬ ಕುಳ್ಳ ಮನುಷ್ಯ ಓಡಿಬಂದು, ಎರಡೂ ಕೈ ಎತ್ತಿ ಉಳಿದ ಗಾಡಿಗಳನ್ನು ತಡೆದು, "ಬನ್ನಿ, ಬನ್ನಿ... ಸ್ವಲ್ಪ ಬಲಕ್ಕೆ ಕಟ್ ಮಾಡಿ... ಸಾಕು, ಸಾಕು" ಎಂದು ರಿವರ್ಸ್ ತೆಗೆಸಿ ನಿಲ್ಲಿಸಿಕೊಟ್ಟ. ಗಿಡ್ಡ. ಹೊಸದಾಗಿ ಗಾಡಿ ಕಲಿಯುವವನ ಹಾಗೆ ಗಿಡ್ಡನ ಕೈಸನ್ನೆ ನೋಡಿಕೊಂಡು ಅವನು ಹಿಂದೆ ಹಿಂದೆ ಬಂದ.

ನಾಯಕರಿಬ್ಬರೂ ಒಳಗೆ ಹೋದರು. ಗಿಡ್ಡ ಬಾನೆಟ್ಟಿಗೆ ಒರಗಿ ನಿಂತು, ಸ್ನೇಹದಿಂದಲೇ ಕೇಳಿದ: "ಚಾ ಕುಡೀತೀರಾ? ಇಲ್ಲಾ ಅಕ್ಕನ ಮನೆಗೆ ಹೋಗ್ಬರ್ತೀರಾ? ಒಳಗಿದ್ದಾರೆ ಅಕ್ಕ. ಮಷೀನಿನ ಶಬ್ದ ಕೇಳ್ತಿದೆಯಲ್ಲ."

ಅಕ್ಕ ಎಂದು ಇವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ನಾಲಗೆಗೆ ರೂಢಿಯಾದ ಮಾತು. ಅವನು ಬಾನೆಟ್ಟಿನ ಮೇಲೆ ಗಿಡ್ಡನ ಬೆರಳಿನ ಗುರುತು ನೋಡಿದ, ತೋಳಿನಿಂದ ಒರೆಸಿದ, ರಸ್ತೆ ದಾಟಿದ.

ಅಕ್ಕ ಬಾಗಿಲಿಗೆ ಎದುರಾಗಿ ಕೂತು ಹೊಲಿಯುತ್ತಿದ್ದಳು. ಸುತ್ತ ನೀಲಿ ಚಡ್ಡಿಗಳ, ಬಿಳಿ ಅಂಗಿಗಳ ರಾಶಿ. ಕೂದಲು ನೆರೆತಿತ್ತು. ಅವಳು ತಲೆಯೆತ್ತಿ ನೋಡಿದಳು. ಕಾಲು ಪೆಡಲಿನ ಮೇಲೆ ಓಡುತ್ತಲೇ ಇತ್ತು.

"ಯಾರು ಕಳಿಸಿದ್ರು?"

"ಯಾರೂ ಇಲ್ಲಕ್ಕಾ. ನಾನೇ ಬಂದೆ."

"ಕಾರು ಯಾರದು?"

"ಸಾಹೇಬ್ರದ್ದು."

"ಸಾಹೇಬ್ರೆಲ್ಲಿ?"

"ಎದುರು ಮನೇಲಿ."

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಹಾಗಾದ್ರೆ ಸಾಹೇಬ್ರು ಬಂದಿದ್ದಾರೆ. ನೀನು ಬಂದಿಲ್ಲ."

ಅವನು ಹೊಸ್ತಿಲಲ್ಲೇ ನಿಂತ. ಏನಾದರೂ ಹೇಳಬೇಕೆಂದು, "ಗಿಡ್ಡ ನಿನ್ನನ್ನ ಅಕ್ಕ ಅಂತಾನಾ?" ಎಂದ. ಕೇಳಬೇಕಾದ ಮಾತುಗಳಲ್ಲಿ ಅದೊಂದೇ ನಾಲಗೆಗೆ ಸಿಕ್ಕಿದ್ದು.

"ಏನಂತ ಕರೀಬೇಕಿತ್ತು? ನಿನ್ನ ಭಾವ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದೋನು. ಗ್ಯಾಸ್ ತಂದುಹಾಕೋನು. ಗಂಟು ಹೊತ್ತು ಶಾಲೆಗೆ ಮುಟ್ಟಿಸೋನು." ಅವಳು ಇನ್ನೊಂದು ಚಡ್ಡಿ ಎತ್ತಿಕೊಂಡಳು. "ಹೋಗು, ಹಾರನ್ ಆಗ್ತಿದೆ. ನಿನ್ನ ಕರೀತಿದ್ದಾರೆ."

ಹಾರನ್ ಆಗಿರಲಿಲ್ಲ. ಆದರೂ ಅವನು ಹೋದ.

ಸಾಹೇಬರನ್ನು ಮನೆಗೆ ಬಿಡುವ ದಾರಿಯಲ್ಲಿ ಅವರು ಕೇಳಿದರು: "ಯಾರಯ್ಯಾ ಅದು, ಆ ಹೊಲಿಗೆ ಮನೆ ಹೆಂಗಸು? ಬಾಗಿಲಲ್ಲಿ ನಿಂತು ಮಾತಾಡ್ತಿದ್ದೆಯಲ್ಲ?"

"ನಮ್ಮಕ್ಕ ಸರ್."

"ನಿನಗೊಬ್ಬ ಅಕ್ಕ ಇದ್ದಾಳಾ?" ಸಾಹೇಬರು ಮುಂದಕ್ಕೆ ಬಾಗಿದರು. "ಅದೂ ಆ ಬೀದೀಲಿ? ಮತ್ತೆ ಒಂದು ದಿನಾನೂ ಹೋಗಿದ್ದು ನೋಡಲಿಲ್ಲ?"

"ಆ ಬೀದಿ ಬೇಡ ಅಂತ..."

"ಅಯ್ಯೋ ಹುಚ್ಚಪ್ಪಾ! ಅಕ್ಕನ ಮನೆಗೆ ಹೋಗಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಅವನು ನೆನಪಿನ ಮೂಲೆಮೂಲೆ ತಡಕಿದ. ಹೇಳಿರಲಿಲ್ಲ. ಅವರು ಕೇಳದೇ ಇದ್ದದ್ದನ್ನು ಅವನು ಕೊಟ್ಟಿದ್ದ. ಕೊಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ತನ್ನ ಪಾಲಿನ ಕಥೆಯನ್ನೂ ಅವರು ಹೀಗೇ, ಲೆಕ್ಕವಿಲ್ಲದೆ, ಇನ್ನೊಬ್ಬರಿಗೆ ಕೊಟ್ಟಿದ್ದರು.

ಮುಂದಿನ ವಾರ ಇಬ್ಬರೂ ನಾಯಕರ ಜಂಟಿ ಮೆರವಣಿಗೆಯಿತ್ತು. ತೆರೆದ ಜೀಪು, ಇಡೀ ಊರಿನ ಮೂಲಕ. ಸಾಹೇಬರ ಗೇಟಿನ ಮುಂದೆ ಕಾರು ನಿಲ್ಲಿಸಿ ಅವನು ಹೇಳಿದ: "ಮೆರವಣಿಗೆ ದಿನ ನಂಗೆ ರಜೆ ಬೇಕು ಸರ್."

"ಅವತ್ತಾ? ಅವತ್ತೇ ಯಾಕಯ್ಯಾ?"

"ಗಿಡ್ಡನ್ನ ಕರೀರಿ. ಅವನಿಗೆ ದಾರಿ ಗೊತ್ತು."

ಹೇಳಿ, ಕನ್ನಡಿಯಲ್ಲಿ ಸಾಹೇಬರ ಮುಖವನ್ನೇ ನೋಡಿದ. ಬೇಡ ಅನ್ನಲಿ. ಅವನ್ಯಾರು ನನ್ನ ಗಾಡಿ ಮುಟ್ಟೋಕೆ, ನೀನೇ ಬೇಕು ಅನ್ನಲಿ. ಒಂದು ಮಾತು ಬೈದರೂ ಸಾಕಿತ್ತು. ಸಾಹೇಬರು ಚಪ್ಪಲಿ ಹಾಕಿಕೊಳ್ಳುತ್ತಾ ಸ್ವಲ್ಪ ಯೋಚಿಸಿದರು. "ಹೌದಲ್ಲ, ಇಬ್ಬರ ಕಡೆಯವರೂ ಒಂದೇ ಗಾಡೀಲಿ ಇದ್ದ ಹಾಗೂ ಆಗುತ್ತೆ. ಸರಿ, ಹಾಗೇ ಮಾಡೋಣ" ಎಂದು ಇಳಿದುಹೋದರು.

ಮೆರವಣಿಗೆಯ ದಿನ ಹೆಂಡತಿ, "ನೀವೇ ರಜೆ ಕೇಳಿ ನೀವೇ ಮುಖ ಊದಿಸಿಕೊಂಡರೆ ಹೇಗೆ? ಮನೇಲಿ ಅಡ್ಡಾಡಬೇಡಿ, ಎಲ್ಲಾದ್ರೂ ಹೋಗಿ" ಎಂದಳು. ಅವನು ನಡೆದೇ ಹೊರಟ. ಗಡಿಯಾರದ ವೃತ್ತದಲ್ಲಿ ಕಾಲು ಎಡಕ್ಕೆ ಎಳೆಯಿತು. ಕಾಲಿಗೆ ಬೈದು ನೇರ ನಡೆದ.

ಅಕ್ಕ ಬಾಗಿಲ ಮುಂದೆ ದೊಡ್ಡದೊಂದು ಬಟ್ಟೆಯ ಗಂಟನ್ನು ಇಟ್ಟುಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದಳು. ಅವನನ್ನು ಕಂಡಳು, ಅವನ ಹಿಂದೆ ಕಾರಿದೆಯೇ ಎಂದು ನೋಡಿದಳು. ಕಾರಿರಲಿಲ್ಲ.

"ಗಿಡ್ಡ ಬರ್ತೀನಿ ಅಂದಿದ್ದ" ಎಂದಳು. "ಗಂಟು ಇವತ್ತೇ ಶಾಲೆಗೆ ಮುಟ್ಟಬೇಕು."

"ಅವನು ಬರಲ್ಲಕ್ಕಾ. ನಮ್ಮ ಸಾಹೇಬ್ರ ಗಾಡಿ ಓಡಿಸ್ತಿದ್ದಾನೆ."

ಅಕ್ಕ ಅವನ ಮುಖವನ್ನೇ ನೋಡಿದಳು. ತುಟಿಯ ಅಂಚು ಅಲುಗಿತು, ಆಮೇಲೆ ತಡೆಯಲಾರದೆ ಸೆರಗು ಬಾಯಿಗೊತ್ತಿ ನಕ್ಕಳು. "ನಿನ್ನ ಸಾಹೇಬ್ರನ್ನ ಅವನು ಎತ್ಕೊಂಡು ಹೋದ ಅಂತ ನನ್ನ ಹತ್ರ ಬಂದ್ಯಾ? ಬಾ, ಬಾ. ಹಾಗಾದ್ರೆ ಈ ಗಂಟು ನೀನು ಹೊರು."

"ಗಿಡ್ಡ ಹೇಗೆ ಒಯ್ತಿದ್ದ?"

"ಸ್ಕೂಟರಿನಲ್ಲಿ. ನಿನಗೆಲ್ಲಿದೆ? ತಲೆ ಮೇಲೆ ಇಟ್ಕೋ."

ಗಂಟು ಭಾರವಿತ್ತು. ತಲೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು, ಅಕ್ಕನ ಮುಂದೆ ಮುಂದೆ ಬೀದಿಯಲ್ಲಿ ನಡೆದ. ಅರ್ಧ ದಾರಿಗೆ ಡೋಲಿನ ಸದ್ದು ಕೇಳಿತು. ಮೆರವಣಿಗೆ ಬೀದಿಗೆ ತಿರುಗಿತ್ತು. ಜನ ಬದಿಗೆ ಸರಿದರು, ಅವನೂ ಗೋಡೆಗೆ ಒತ್ತಿಕೊಂಡ. ತೆರೆದ ಜೀಪಿನ ಮೇಲೆ ಸಾಹೇಬರು ಮತ್ತು ಮೀಸೆಯವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತಿದ್ದರು. ಸ್ಟೇರಿಂಗಿನ ಹಿಂದೆ ಗಿಡ್ಡ, ಕುತ್ತಿಗೆ ಚಾಚಿಕೊಂಡು. ಕ್ಲಚ್ ಮೇಲಿಂದ ಕಾಲೇ ತೆಗೆಯುತ್ತಿಲ್ಲ, ಮುಠ್ಠಾಳ, ಎಂದುಕೊಂಡ ಅವನು. ಅಷ್ಟರಮಟ್ಟಿಗೆ ಸಮಾಧಾನವಾಯಿತು.

ಸಾಹೇಬರ ಕಣ್ಣು ಅವನ ಮೇಲೆ ಬಿತ್ತು. ಗುರುತು ಸಿಗಲು ಒಂದು ಕ್ಷಣ ಹಿಡಿಯಿತು. ಸಿಕ್ಕಿದ್ದೇ ಮುಖ ಅರಳಿ, ಕೈಯೆತ್ತಿ ಅವನಿಗೇ ಬೀಸಿದರು. ಅವನಿಗೆಂದೇ. ಸುತ್ತಲಿನವರು ಯಾರಿಗೆಂದು ತಿರುಗಿ ನೋಡಿದರು. ತಾನೂ ಕೈ ಎತ್ತಬೇಕೆಂದರೆ ಗಂಟು ಬಿಡಬೇಕಿತ್ತು. ಬಿಟ್ಟರೆ ಅಷ್ಟೂ ಬಿಳಿ ಅಂಗಿಗಳು ಮೆರವಣಿಗೆಯ ಧೂಳಿಗೆ. ಬೆರಳುಗಳು ಸಡಿಲಾದವು, ಮತ್ತೆ ಬಿಗಿಯಾದವು. ಜೀಪು ಮುಂದೆ ಹೋಯಿತು. ಸಾಹೇಬರ ಕೈ ಆಗಲೇ ಆಚೆ ಬದಿಯ ಜನರಿಗೆ ಬೀಸುತ್ತಿತ್ತು.

"ನಿಂತೇ ಬಿಟ್ಯಲ್ಲೋ" ಎಂದಳು ಹಿಂದಿನಿಂದ ಅಕ್ಕ. "ಶಾಲೆ ಬಾಗಿಲು ಹಾಕಿಬಿಡ್ತಾರೆ. ಗಿಡ್ಡ ಆಗಿದ್ರೆ ಇಷ್ಟೊತ್ತಿಗೆ ಮುಟ್ಟಿಸಿ ಬಂದಿರ್ತಿದ್ದ."

ಅವನು ಜೀಪಿನ ಕಡೆಯಿಂದ ಮುಖ ತಿರುಗಿಸಿದ. ಗಂಟನ್ನು ಸರಿಯಾಗಿ ಹಿಡಿದುಕೊಂಡು, ಕುತ್ತಿಗೆ ನೋಯುತ್ತಿದ್ದರೂ, ಅಕ್ಕ ಓಡೋಡಿ ಬರಬೇಕಾಗುವಷ್ಟು ಬೇಗ ಬೇಗ ಹೆಜ್ಜೆ ಹಾಕಿದ.